ಬಿರಿಯಾನಿಯ ಪಕ್ಕಕ್ಕೊಂದು ಬಿಳಿ ವೈನ್

ಬಿಳಿ ವೈನಿನ ರುಚಿ ಹಿಡಿಯಬೇಕೆನ್ನುವವರು ಬಾಟಲಿಗಿಂತ ಮೊದಲು ಹಣ್ಣು ತಿನ್ನಲಿ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಸುರುಳಿಪಟ್ಟಿ, ಗೂಡಲೂರುಗಳ ಚಪ್ಪರದಡಿ, ಕಪ್ಪು ಗೊಂಚಲುಗಳು ಜೋಲುತ್ತಿರುತ್ತವೆ. ಅಲ್ಲಿನವರಿಗೆ ಅದು ಪನ್ನೀರ್ ದ್ರಾಕ್ಷಿ, ನಮಗೆ ಗುಲಾಬಿ ದ್ರಾಕ್ಷಿ, ತಳಿ ಮಸ್ಕಟ್ ಹ್ಯಾಂಬರ್ಗ್. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು.

ಒಂದು ಹಣ್ಣಿನ ಸಿಪ್ಪೆ ಬಿಡಿಸಿ ತಿರುಳು ಹಿಂಡಿ. ರಸಕ್ಕೆ ಬಣ್ಣವೇ ಇಲ್ಲವೆನ್ನಬಹುದು. ಬಣ್ಣವೂ ಒಗರೂ ಸಿಪ್ಪೆಯಲ್ಲಿವೆ. ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್, ರಸವನ್ನಷ್ಟೇ ಹುದುಗಿಸಿದರೆ ಬಿಳಿ. ಒಗರಿನ ಆಸರೆಯಿಲ್ಲದ ಬಿಳಿ ವೈನ್ ನಿಲ್ಲುವುದು ಹುಳಿಯ ಮೇಲೆ. ಆದ್ದರಿಂದ ಗುಟುಕರಿಸಿದಾಗ ಮೊದಲು ಹುಳಿಯನ್ನೇ ಹುಡುಕಿ: ನಾಲಗೆಯ ಬದಿಗಳಲ್ಲಿ ನೀರೂರಿ, ಮುಂದಿನ ತುತ್ತು ಬೇಕೆನಿಸಿದರೆ ಅದು ಊಟದ ವೈನ್. ಪರಿಮಳ ಚೆನ್ನಾಗಿದ್ದೂ ಬಾಯಿ ಸಪ್ಪಗಾದರೆ ಎಷ್ಟೇ ಬೆಲೆಯದ್ದಾದರೂ ಬಿಡಿ.

ಕಂಬಂ ಹಣ್ಣು ಬಹುಪಾಲು ತಿನ್ನುವುದಕ್ಕೇ ಹೋಗುತ್ತದೆ. ಬಾಟಲಿಗೆ ನಮ್ಮ ನಂದಿ ಬೆಟ್ಟದ ಕಡೆ ನೋಡಬೇಕು. ಅಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸಿನ ತಳಿಗಳ ತೋಟ ಆರಂಭಿಸಿತು. ಹೊಸಬರಿಗೆ ಎರಡು ತಳಿಯ ಹೆಸರು ಸಾಕು: ಶೆನಿನ್ ಬ್ಲಾಂಕ್, ಸಾವಿನ್ಯಾನ್ ಬ್ಲಾಂಕ್. ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಇವೆರಡನ್ನೂ ಬಹುಕಾಲದಿಂದ ಊಟದ ಜೊತೆಗೇ ಕುಡಿಯುತ್ತಾರೆ. ನಮ್ಮಲ್ಲಿ ಅಗ್ಗದವು ಹೆಚ್ಚಾಗಿ ಸ್ಟೀಲ್ ತೊಟ್ಟಿಯಲ್ಲಿ ತಣ್ಣಗೆ ಹುದುಗಿದವು. ಮರದ ಪೀಪಾಯಿಯ ವಾಸನೆ ಇರದು. ಅದೇ ಒಳ್ಳೆಯದು. ಲವಂಗ, ಚಕ್ಕೆ ಹಾಕಿದ ಅಡುಗೆಗೆ ಪೀಪಾಯಿಯ ವೆನಿಲಾ ಘಮ ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಈಗ ದಿಂಡಿಗಲ್ ಬಿರಿಯಾನಿ. ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಆಡಿನ ಮಾಂಸ, ಕಾಳುಮೆಣಸಿನ ಖಾರ. ಹುರಿದ ಮೀನಿಗೆ ನಿಂಬೆಹಣ್ಣು ಹಿಂಡಿದಂತೆ ವೈನಿನ ಹುಳಿ ಕೊಬ್ಬಿನ ಜಿಡ್ಡನ್ನು ಕಳೆಯುತ್ತದೆ. ಆದರೆ ಖಾರ ಹೆಚ್ಚಿದ್ದಲ್ಲಿ ಆಲ್ಕೋಹಾಲ್ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಆದ್ದರಿಂದ ಬಾಟಲಿಯ ಚೀಟಿ ಓದಿ: ಶೇ 12ರ ಆಸುಪಾಸಿನದ್ದು ಇರಲಿ, ಹದಿನಾಲ್ಕರದ್ದು ಬೇಡ. ತುಸು ಸಿಹಿ ಉಳಿದಿರುವ ಶೆನಿನ್ ಇಲ್ಲಿ ಸಾವಿನ್ಯಾನಿಗಿಂತ ಮೇಲು, ಆ ಸಿಹಿ ಖಾರವನ್ನು ತಣಿಸುತ್ತದೆ. ಕೊತ್ತಂಬರಿ, ಪುದೀನ, ಹಸಿಮೆಣಸಿನ ಹಸಿರು ಚಟ್ನಿಗೆ, ಮಸಾಲೆ ಕಡಿಮೆಯ ಮೀನಿಗೆ ಸಾವಿನ್ಯಾನ್. ಅದರಲ್ಲೇ ಹಸಿ ಎಲೆಯ ವಾಸನೆಯಿದೆ.

ಚೀಟಿಯಲ್ಲಿ ದ್ರಾಕ್ಷಿ ಕೊಯ್ದ ವರ್ಷವನ್ನೂ ನೋಡಿ. ಇವು ವರ್ಷಗಟ್ಟಲೆ ಕಾದಿಡುವ ವೈನಲ್ಲ. ಒಂದೆರಡು ವರ್ಷದೊಳಗಿನದ್ದೇ ತಾಜಾ. ಬಿಸಿಲು ಬೀಳುವ ಕಪಾಟಿನಲ್ಲಿ ನಿಂತ ಬಾಟಲಿ ಕೊಳ್ಳಬೇಡಿ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಡಿ. 8ರಿಂದ 10 ಡಿಗ್ರಿಯಲ್ಲಿ ಪರಿಮಳ ಬಿಚ್ಚಿಕೊಳ್ಳುತ್ತದೆ, ಅದಕ್ಕಿಂತ ತಣ್ಣಗಿದ್ದರೆ ಮೂಗಿಗೆ ಏನೂ ಸಿಗದು. ಲೋಟ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲ ಗುಟುಕು ಖಾಲಿ ಬಾಯಿಗೆ, ಎರಡನೆಯದು ತುತ್ತಿನ ನಂತರ. ತೀರ್ಪು ಎರಡನೆಯದರ ಮೇಲೆ ಕೊಡಿ. ಮುಚ್ಚಳ ತಿರುಗಿಸಿ ಫ್ರಿಜ್ಜಿನಲ್ಲಿಟ್ಟರೆ ಉಳಿದದ್ದು ಎರಡು ಮೂರು ದಿನ ಕೆಡುವುದಿಲ್ಲ. ಮರುದಿನ ಬೇರೆ ಅಡುಗೆಯ ಜೊತೆ ಅದನ್ನೇ ಇನ್ನೊಮ್ಮೆ ನೋಡಬಹುದು.