ಸತುವಿನ ನಾಣ್ಯ, ಬೆಳ್ಳಿಯ ಮುಖ

ಉರ್ದುವಿನಲ್ಲಿ ‘ಸಿಕ್ಕಾ ಜಮಾನಾ’ ಎಂಬ ನುಡಿಗಟ್ಟಿದೆ. ಸಿಕ್ಕಾ ಎಂದರೆ ನಾಣ್ಯ. ಆದರೆ ಈ ಮಾತಿನ ಅರ್ಥ ಅಧಿಕಾರ ಊರುವುದು. ಯಾರ ಸಿಕ್ಕಾ ನಡೆಯುತ್ತದೋ ಆಳ್ವಿಕೆ ಅವರದು. ಎರಡನೇ ಮಹಾಯುದ್ಧದಲ್ಲಿ ಪರರ ವಶವಾಗಿದ್ದ ದೇಶಗಳ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸದ ಬಗ್ಗೆ ಯೋಚಿಸುವಾಗ ನಮಗೆ ಈ ಮಾತು ನೆನಪಾಗುತ್ತದೆ.

ನೆದರ್‌ಲ್ಯಾಂಡ್ಸ್‌ನ ಉದಾಹರಣೆಯನ್ನೇ ನೋಡೋಣ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಅಲ್ಲಿಗೆ ನುಗ್ಗಿತು. ರಾಣಿ ವಿಲ್ಹೆಲ್ಮಿನಾ ಲಂಡನ್ ಸೇರಿದರು. ಒಳ್ಳೆಯ ಲೋಹ ಯುದ್ಧಕ್ಕೆ ಬೇಕಾಗಿತ್ತು. ಹಾಗಾಗಿ 1941ರಿಂದ ಬೆಳ್ಳಿ, ಕಂಚುಗಳ ಬದಲು ಅಗ್ಗದ ಸತುವಿನ ನಾಣ್ಯಗಳು ಬಂದವು. ಬೆಳ್ಳಿಯ 10 ಮತ್ತು 25 ಸೆಂಟ್‌ಗಳ ಮೇಲಿದ್ದ ರಾಣಿಯ ಮುಖ ಮಾಯವಾಯಿತು. ಆ ಜಾಗಕ್ಕೆ ಸ್ವಸ್ತಿಕ ಬರಲಿಲ್ಲ ಎಂಬುದು ಗಮನಾರ್ಹ. ಹೊಸ ನಾಣ್ಯಗಳ ಮೇಲೆ ಬಂದದ್ದು ಟ್ಯುಲಿಪ್ ಹೂ, ಹಡಗು, ಕುದುರೆಯ ತಲೆಗಳು. ಇವನ್ನು ವಿನ್ಯಾಸ ಮಾಡಿದ ನಿಕೊ ಡಿ ಹಾಸ್ ಡಚ್ಚನೇ. ಆದರೆ ನಾತ್ಸಿ ಪಕ್ಷಪಾತಿ. ಆಕ್ರಮಣವು ಜಾನಪದದ ವೇಷ ತೊಟ್ಟು ಜನರ ಜೇಬಿಗಿಳಿಯಿತು.

ಸಂಗ್ರಹಕಾರರ ಲೆಕ್ಕವೇ ಬೇರೆ. ಸತುವು ತೇವಕ್ಕೆ ಬೇಗ ಮಂಕಾಗುತ್ತದೆ, ಬಿಳಿ ಪುಡಿ ಹಿಡಿಯುತ್ತದೆ. ಆದ್ದರಿಂದ ಯಾರ ಕೈಯೂ ತಾಗದ, ಹೊಳಪು ಮಾಸದ ನಾಣ್ಯಕ್ಕೆ ಹೆಚ್ಚು ಬೆಲೆ. ಅಂದರೆ ಯಾರ ಮನೆಗೂ ಒಂದು ರೊಟ್ಟಿ ತಾರದ ನಾಣ್ಯವೇ ಶ್ರೇಷ್ಠ! 1944-45ರ ಚಳಿಗಾಲದಲ್ಲಿ ಅದೇ ದೇಶದಲ್ಲಿ ಸುಮಾರು 20,000 ಜನ ಹಸಿವಿನಿಂದ ಸತ್ತರು. ಆ ದಿನಗಳಲ್ಲಿ ಕೈಯಿಂದ ಕೈಗೆ ಸವೆದ ನಾಣ್ಯ ಕ್ಯಾಟಲಾಗಿನಲ್ಲಿ ಕೆಳದರ್ಜೆಯದು.

ಇನ್ನೊಂದು ಸಂಗತಿಯಿದೆ. ಆ ವರ್ಷಗಳಲ್ಲಿ ಜನ ಹಳೆಯ ಬೆಳ್ಳಿ ನಾಣ್ಯಗಳನ್ನು ಬಚ್ಚಿಟ್ಟರು. ಕೆಲವರು ನಾಣ್ಯದಿಂದ ರಾಣಿಯ ಮುಖವನ್ನಷ್ಟೇ ಕತ್ತರಿಸಿ, ಪಿನ್ನು ಬೆಸೆದು, ಉಡುಪಿಗೆ ಸಿಕ್ಕಿಸಿಕೊಂಡರು. ರಾಜಮನೆತನಕ್ಕೆ ನಿಷ್ಠೆ ತೋರುವುದು ನಿಷಿದ್ಧವಾಗಿದ್ದ ಕಾಲವದು. ಕೊಳ್ಳುವ ಶಕ್ತಿ ಕಳೆದುಕೊಂಡ ಆ ಬೆಳ್ಳಿ ತುಣುಕು ಧೈರ್ಯದ ಗುರುತಾಯಿತು. ನಾಣ್ಯದ ದರ್ಜೆ ಅಳೆಯುವವರಿಗೆ ಮಾತ್ರ ಅದು ಹಾಳಾದ ನಾಣ್ಯ.

ಹವ್ಯಾಸವನ್ನು ನಾವು ಹಳಿಯುತ್ತಿಲ್ಲ. ಸಂಗ್ರಹಕಾರರು ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಕರಗಿಹೋಗುತ್ತಿದ್ದವು. ನಮ್ಮ ತಕರಾರು ಅವರ ಅಳತೆಗೋಲಿನದು. ಅದು ಲೋಹ, ವರ್ಷ, ಹೊಳಪುಗಳನ್ನು ಅಳೆಯುತ್ತದೆ. ನಾಣ್ಯವನ್ನು ಹಿಡಿದ ಕೈಯನ್ನು ಮರೆಯುತ್ತದೆ. ಆಲ್ಬಮ್ಮಿನಲ್ಲಿ ಹೊಳೆಯುವ ಸತುವಿನ ಪಕ್ಕದಲ್ಲೇ ಕತ್ತರಿಸಿದ ಆ ಬೆಳ್ಳಿಯ ಮುಖಕ್ಕೂ ಜಾಗ ಸಿಗಲಿ. ಯಾರ ಸಿಕ್ಕಾ ನಡೆಯಿತು ಎಂಬುದನ್ನು ಒಂದು ಹೇಳಿದರೆ, ಅದನ್ನು ಒಪ್ಪದವರೂ ಇದ್ದರು ಎಂಬುದನ್ನು ಇನ್ನೊಂದು ಹೇಳುತ್ತದೆ.