ಸದ್ದು ಬದಲಾಯ್ತು, ಜೆಟ್ ಬದಲಾಯ್ತಾ?

ಬೈಕ್ ಮಾಡಿಫಿಕೇಶನ್ ವಿಡಿಯೋಗಳಿಗೆ ಒಂದು ಸಿದ್ಧ ಚಿತ್ರಕಥೆ ಇದೆ. ಮೊದಲ ದೃಶ್ಯದಲ್ಲಿ ಹಳೇ ಬುಲೆಟ್ಟೋ, ಆರ್‌ಎಕ್ಸ್ 100 ಬೈಕೋ ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತಿರುತ್ತೆ. ಕಂಪನಿ ಸೈಲೆನ್ಸರ್ ಬಿಚ್ತಾರೆ, ಹೊಸದು ಹಾಕ್ತಾರೆ. ಏರ್ ಫಿಲ್ಟರಿನ ಡಬ್ಬ ಕಿತ್ತು ಕೋನ್ ಆಕಾರದ ಫಿಲ್ಟರ್ ಸಿಕ್ಕಿಸ್ತಾರೆ. ಆಮೇಲೆ ನಿಂತಲ್ಲೇ ಎರಡು ಸಲ ಥ್ರಾಟಲ್ ತಿರುವಿ ‘ಬಿಫೋರ್’, ‘ಆಫ್ಟರ್’ ಸದ್ದು ಕೇಳಿಸ್ತಾರೆ. ‘ಪಿಕಪ್ ಸೂಪರ್ ಆಗಿದೆ ಗುರು’ ಅನ್ನೋ ಡೈಲಾಗಿನೊಂದಿಗೆ ಶುಭಂ.

ಸಿನಿಮಾ ವಿಮರ್ಶಕರ ಧಾಟಿಯಲ್ಲಿ ಹೇಳೋದಾದ್ರೆ, ಈ ಕಥೇಲಿ ಒಂದು ಮುಖ್ಯ ಪಾತ್ರವೇ ನಾಪತ್ತೆ. ಅದು ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲಲ್ಲಿ ಮುಳುಗಿ ಕೂತಿರೋ ಹಿತ್ತಾಳೆಯ ಜೆಟ್. ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಹೊಳೆಯಲ್ಲ, ಸದ್ದು ಮಾಡಲ್ಲ, ರೀಲ್ಸಲ್ಲಿ ಕಾಣಲ್ಲ. ಆದರೆ ಗಾಳಿ ಒಳಗೆ ಬರೋ ದಾರಿ ಮತ್ತು ಹೊಗೆ ಹೊರಗೆ ಹೋಗೋ ದಾರಿ ಎರಡನ್ನೂ ಬದಲಾಯಿಸಿದ ಮೇಲೆ ಎಂಜಿನ್ ಉಳಿಯುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಇದೇ. ಇದನ್ನ ಕೈಬಿಟ್ಟು ಸೈಲೆನ್ಸರ್ ಮಾತ್ರ ಮಾರೋದು ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ತಗೊಂಡ ಹಾಗೆ.

ಹಳ್ಳಿ ಕಡೆಯವರಿಗೆ ಜೆಟ್ ಅರ್ಥ ಮಾಡಿಸೋದು ಸುಲಭ. ಅದು ಕೆರೆಯ ತೂಬು ಇದ್ದಂತೆ. ತೂಬಿನ ಕಿಂಡಿ ಎಷ್ಟಿದೆಯೋ ಅಷ್ಟೇ ನೀರು ಗದ್ದೆಗೆ ಬರೋದು. ಕಾಲುವೆಯನ್ನ ಎಷ್ಟೇ ಅಗಲ ಮಾಡಿದ್ರೂ ತೂಬು ಹಳೇದೇ ಆದ್ರೆ ಗದ್ದೆಯ ಕೊನೆ ಒಣಗುತ್ತೆ. ಎಂಜಿನ್ನಿನಲ್ಲಿ ಈ ಒಣಗೋದಕ್ಕೆ ‘ಲೀನ್’ ಅಂತಾರೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ 1 ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಂದ್ರೆ ಪೆಟ್ರೋಲ್ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು, ಗಾಳಿ 12.5ರಿಂದ 13 ಪಾಲು. ಲೋಡ್ ಬಿದ್ದಾಗ ಇದಕ್ಕಿಂತ ತೀರಾ ಲೀನ್ ಆದ್ರೆ ಎಂಜಿನ್ ಕಾಯುತ್ತೆ, ಏರು ಹತ್ತುವಾಗ ಕಟಕಟ ಅನ್ನುತ್ತೆ. ಹಾಗೇ ಬಿಟ್ರೆ ವಾಲ್ವು, ಪಿಸ್ಟನ್ನು ಸುಡುತ್ತೆ.

‘ಗಾಳಿ ಜಾಸ್ತಿ ಬಂದ್ರೆ ಕಾರ್ಬುರೇಟರ್ ತಾನೇ ಜಾಸ್ತಿ ಪೆಟ್ರೋಲ್ ಎಳ್ಕೊಳ್ಳುತ್ತಲ್ವಾ?’ ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ, ಉತ್ತರ ಅರ್ಧ ಮಾತ್ರ ಹೌದು. ಕಾರ್ಬುರೇಟರಿನ ನಡು ಸಣ್ಣದು. ಅಲ್ಲಿ ಗಾಳಿ ಜೋರಾಗಿ ಹಾಯೋವಾಗ ಒತ್ತಡ ಇಳಿಯುತ್ತೆ, ಆ ಇಳಿತವೇ ಪೆಟ್ರೋಲನ್ನ ಮೇಲಕ್ಕೆಳೆಯುತ್ತೆ. ಕಂಪನಿ ಫಿಲ್ಟರ್ ಡಬ್ಬ ಗಾಳಿಗೆ ಒಂದಿಷ್ಟು ಅಡ್ಡ ನಿಲ್ಲುತ್ತಲ್ಲ, ಅದರಿಂದಲೂ ಒತ್ತಡ ಇನ್ನಷ್ಟು ಇಳಿದಿರುತ್ತೆ. ಫ್ಯಾಕ್ಟರಿಯವರು ಜೆಟ್ ಸೈಜ್ ಗೊತ್ತು ಮಾಡಿರೋದು ಈ ಎರಡೂ ಎಳೆತ ಕೂಡಿಸಿ. ಡಬ್ಬ ಕಿತ್ತ ಕೂಡಲೇ ಗಾಳಿ ಸಲೀಸಾಗುತ್ತೆ, ಎರಡನೇ ಎಳೆತ ಮಾಯವಾಗುತ್ತೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲ್ ಹೆಚ್ಚಲ್ಲ. 2020ರ ತನಕ ಕಾರ್ಬುರೇಟರ್ ಇಟ್ಕೊಂಡು ಬಂದ ಕ್ಲಾಸಿಕ್ 350ಯಂಥ ಬೈಕುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಸಿವಿ ಕಾರ್ಬುರೇಟರಿನಲ್ಲಿ ಸ್ಲೈಡನ್ನ ಮೇಲೆತ್ತೋದು ನಿಮ್ಮ ಕೈಯಲ್ಲ, ಒಳಗಿನ ಒತ್ತಡದ ವ್ಯತ್ಯಾಸ. ಫಿಲ್ಟರ್ ಬದಲಾದರೆ ಸ್ಲೈಡ್ ಏಳೋ ರೀತಿಯೇ ಬದಲಾಗಬಹುದು.

ಇಷ್ಟು ಹೇಳಿದ್ರೆ ಎರಡನೇ ಗುಂಪಿನವರು ಎದ್ದು ನಿಲ್ತಾರೆ: ‘ಅದೇನ್ ಮಹಾ, ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿಬಿಡಿ.’ ಏನೂ ಮಾಡದವರ ಮೇಲೆ ಎಷ್ಟು ತಕರಾರಿದೆಯೋ ಇವರ ಮೇಲೂ ಅಷ್ಟೇ ಇದೆ ನಂಗೆ. ಕಾರ್ಬುರೇಟರಿನಲ್ಲಿ ಪೆಟ್ರೋಲಿಗೆ ಇರೋದು ಒಂದೇ ದಾರಿ ಅಲ್ಲ. ಥ್ರಾಟಲ್ ಮುಚ್ಚಿದಾಗಿನಿಂದ ಸುಮಾರು ಎಂಟನೇ ಒಂದು ಭಾಗ ತೆರೆಯೋ ತನಕ ಪೈಲಟ್ ಜೆಟ್ ಮತ್ತು ಪಕ್ಕದ ಸ್ಕ್ರೂ ಆಳ್ವಿಕೆ. ಅಲ್ಲಿಂದ ಕಾಲು ಭಾಗದ ತನಕ ಸ್ಲೈಡಿನ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನ ತನಕ ಸೂಜಿ. ಮೇನ್ ಜೆಟ್ ಪೂರ್ತಿ ಅಧಿಕಾರಕ್ಕೆ ಬರೋದು ಮುಕ್ಕಾಲು ದಾಟಿದ ಮೇಲೆ. ಗಡಿಗಳು ಒಂದರ ಮೇಲೊಂದು ಹಾಯ್ತವೆ ಅನ್ನೋದು ನಿಜ. ಆದರೂ ಅಂದಾಜು ಲೆಕ್ಕ ಇದೇ.

ಈಗ ನೀವೇ ಹೇಳಿ, ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ ಹೋಗೋವಾಗ ಮುಕ್ಕಾಲು ಥ್ರಾಟಲ್ ಎಷ್ಟು ಸಲ ತಿರುವ್ತೀರಿ? ಬೆಂಗಳೂರಿನ ಬೈಕಿನ ಜೀವನ ಕಳೆಯೋದೇ ಪೈಲಟ್ ಜೆಟ್ಟು ಮತ್ತು ಸೂಜಿ ಮೇಲೆ. ಮೇನ್ ಜೆಟ್ ಮಾತ್ರ ದೊಡ್ಡದು ಮಾಡಿದವನ ಬೈಕು ಸಿಗ್ನಲ್ಲಿನಲ್ಲಿ ಮೊದಲಿನಷ್ಟೇ ಲೀನ್. ಥ್ರಾಟಲ್ ಬಿಟ್ಟಾಗ ಸೈಲೆನ್ಸರಲ್ಲಿ ಪಟಪಟ ಪಟಾಕಿ ಹೊಡೆಯುತ್ತೆ, ಸವಾರ ಅದನ್ನೇ ರೇಸಿಂಗ್ ಸೌಂಡ್ ಅಂತ ಖುಷಿ ಪಡ್ತಾನೆ. ಅದು ಸಾಮಾನ್ಯವಾಗಿ ಪೈಲಟ್ ಲೀನ್ ಇರೋದರ ದೂರು, ಇಲ್ಲಾಂದ್ರೆ ಸೈಲೆನ್ಸರ್ ಜಾಯಿಂಟಿನಲ್ಲಿ ಗಾಳಿ ಎಳೀತಿರೋದರ ಸೂಚನೆ. ಹೈವೇಗೆ ಹೋದ ದಿನ ಅದೇ ಬೈಕು ಪೂರ್ತಿ ಥ್ರಾಟಲಿನಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಕೆಮ್ಮುತ್ತೆ. ನಗರದಲ್ಲಿ ಉಪವಾಸ, ಹೈವೇನಲ್ಲಿ ಅಜೀರ್ಣ.

ಸೈಜಿನ ಮಾತು ಬಂತಲ್ಲ, ಅಲ್ಲೂ ಒಂದು ಮೋಸ ಇದೆ. ಕೀಹಿನ್ ಮೇನ್ ಜೆಟ್ಟಿನ ನಂಬರು ತೂತಿನ ವ್ಯಾಸ: 100 ಅಂದ್ರೆ 1.00 ಮಿಲಿಮೀಟರ್. ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನಲ್ಲಿ ನಂಬರು ಹೇಳೋದು ಹರಿವನ್ನ, ವ್ಯಾಸವನ್ನಲ್ಲ. ಅದರ 100ಕ್ಕೂ ಇದರ 100ಕ್ಕೂ ಸಂಬಂಧ ಇಲ್ಲ. ವ್ಯಾಸ 1.00ರಿಂದ 1.10ಕ್ಕೆ ಹೋದ್ರೆ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ, ಆದರೆ ತೂತಿನ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತೆ. ಕೆಲವು ಗ್ಯಾರೇಜುಗಳಲ್ಲಿ ಇರೋ ಜೆಟ್ಟಿಗೇ ತಂತಿ ತೂರಿಸಿ ‘ಸ್ವಲ್ಪ’ ದೊಡ್ಡದು ಮಾಡ್ತಾರಲ್ಲ, ಆ ಸ್ವಲ್ಪ ಎಷ್ಟು ಅಂತ ತಂತಿ ಹಿಡಿದವರಿಗೂ ಗೊತ್ತಿರಲ್ಲ.

ಟೂ ಸ್ಟ್ರೋಕ್ ವಿಷಯಕ್ಕೆ ಬಂದರೆ ಇದು ಬರೀ ಅಭಿರುಚಿಯ ಪ್ರಶ್ನೆಯಾಗಿ ಉಳಿಯಲ್ಲ. ಆರ್‌ಎಕ್ಸ್ 100ರ ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ. ಅಷ್ಟು ಸಣ್ಣ ಎಂಜಿನ್ನು ಅಷ್ಟು ಹಾರೋದಕ್ಕೆ ಅದರ ಸೈಲೆನ್ಸರ್ ಒಳಗಿನ ಆಕಾರವೂ ಕಾರಣ. ಟೂ ಸ್ಟ್ರೋಕಿನಲ್ಲಿ ಹೊಗೆಯ ಜೊತೆ ಒಂದಿಷ್ಟು ಹೊಸ ಮಿಶ್ರಣವೂ ಹೊರಗೆ ಓಡಿಬಿಡುತ್ತೆ. ಪೈಪಿನ ಹೊಟ್ಟೆ ಸರಿಯಾಗಿದ್ರೆ ಒತ್ತಡದ ಅಲೆ ವಾಪಸ್ ಬಂದು ಅದನ್ನ ಸಿಲಿಂಡರಿಗೆ ಮತ್ತೆ ತಳ್ಳುತ್ತೆ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಕೂತು ಪಳಗಿಸಿದ್ದು ಈ ವಿದ್ಯೆಯನ್ನೇ. ಅಂಥ ಪೈಪನ್ನ ಕಿತ್ತು ನೇರ ಕೊಳವೆ ಸಿಕ್ಕಿಸಿದ್ರೆ ಸದ್ದು ಏರುತ್ತೆ, ಶಕ್ತಿ ಇಳಿಯುತ್ತೆ. ‘ಬ್ಯಾಕ್ ಪ್ರೆಶರ್ ಹೋಯ್ತು’ ಅಂತಾರೆ. ಹೋಗಿದ್ದು ಪ್ರೆಶರ್ ಅಲ್ಲ, ಅಲೆಯ ತಾಳ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದ ಯೆಜ್ಡಿಗಳ ಕಥೆ ಇನ್ನೂ ಸೂಕ್ಷ್ಮ. ಅವುಗಳಲ್ಲಿ ಆಯಿಲ್ಲನ್ನ ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ ಕೂಡ ಅಷ್ಟೇ ಕಮ್ಮಿ. ಅಂದ್ರೆ ಲೀನ್ ಆದ ಯೆಜ್ಡಿ ಕಾಯೋದರ ಜೊತೆಗೆ ಒಣಗುತ್ತೆ ಕೂಡ. ಫ್ಯಾಕ್ಟರಿಯೇ ಇಲ್ಲದ ಆ ಬೈಕಿಗೆ ಪಿಸ್ಟನ್ ಹಿಡಿದರೆ ಬಿಡಿಭಾಗಕ್ಕೆ ಊರೂರು ಅಲೆಯೋದು ಸೈಲೆನ್ಸರ್ ಮಾರಿದವರಲ್ಲ, ಮಾಲೀಕ.

ಹಾಗಾದರೆ ಒಳ್ಳೆ ಕೆಲಸ ಹೇಗಿರುತ್ತೆ? ಬೇಸರ ತರಿಸುವಷ್ಟು ನಿಧಾನವಾಗಿರುತ್ತೆ. ಮೊದಲು ಗಾಳಿ ಎಲ್ಲೂ ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಥ್ರಾಟಲ್ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕಬೇಕು, ಯಾಕಂದ್ರೆ ಎಲ್ಲಿ ತೊಂದರೆ ಅನ್ನೋದು ಎಂಜಿನ್ ವೇಗದಲ್ಲಿ ಅಲ್ಲ, ಥ್ರಾಟಲ್ ತೆರೆದಿರೋ ಜಾಗದಲ್ಲಿ ಗೊತ್ತಾಗೋದು. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಫೀಲ್ಡಿನವರಿಗೆ ಇದು ಹೊಸ ಪಾಠ ಅಲ್ಲ. ಒಂದೇ ಸಲ ಐದು ಬದಲಾವಣೆ ಬಿಟ್ಟು ಯಾವುದರಿಂದ ಸಿಸ್ಟಮ್ ಬಿತ್ತು ಅಂತ ರಾತ್ರಿಯೆಲ್ಲಾ ಹುಡುಕೋರು ನಾವೇ ತಾನೆ. ಆದರೂ ಶನಿವಾರ ಗ್ಯಾರೇಜಿಗೆ ಹೋದಾಗ ಫಿಲ್ಟರು, ಸೈಲೆನ್ಸರು, ಪ್ಲಗ್ಗು ಮೂರೂ ಒಟ್ಟಿಗೆ ಬದಲಾಯಿಸಿ ಅಂತೀವಿ.

ಮೇನ್ ಜೆಟ್ ನೋಡೋಕೆ ಖಾಲಿ ರಸ್ತೆಯಲ್ಲಿ, ಆದರೆ ಏರಿನಲ್ಲಿ, ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಬೇಕು. ಬಿಳಿಚಿದ್ರೆ ಲೀನ್, ಮಸಿ ಹಿಡಿದಿದ್ರೆ ರಿಚ್, ತಿಳಿ ಕಂದು ಇದ್ರೆ ಸರಿ. ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಬಣ್ಣ ಮೊದಲಿನಷ್ಟು ನಿಚ್ಚಳವಾಗಿ ಕೂರಲ್ಲ, ಹಾಗಾಗಿ ಸೈಲೆನ್ಸರಿಗೆ ಆಕ್ಸಿಜನ್ ಸೆನ್ಸರ್ ಹಾಕಿ ಅಳೆಯೋರು ಸಿಕ್ಕಿದ್ರೆ ಇನ್ನೂ ಒಳ್ಳೇದು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ವ್ರೂಂ ಅನ್ನಿಸಿದ್ರೆ ಇದ್ಯಾವುದೂ ಗೊತ್ತಾಗಲ್ಲ. ಲೋಡ್ ಇಲ್ಲದ ಎಂಜಿನ್ನು ಸಂಬಳದ ಮೊದಲ ವಾರದ ಸ್ನೇಹಿತನ ಥರ, ಎಲ್ಲದಕ್ಕೂ ಹೂಂ ಅನ್ನುತ್ತೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಅಂಚಿಗೆ ತಂದು ಕೂರಿಸಿದ ಜೆಟ್ಟು ಮಂಗಳೂರಿಗೆ ಇಳಿದಾಗ ಗಾಳಿ ದಟ್ಟವಾಗಿ ಲೀನ್ ಕಡೆ ವಾಲುತ್ತೆ. ಅದೇ ಬೈಕು ಲಡಾಖಿನ ಖಾರ್ದುಂಗ್ ಲಾ ಹತ್ತಿದ್ರೆ ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಹಾಗಾಗಿ ರಿಚ್ ಆಗಿ ಉಸಿರುಗಟ್ಟುತ್ತೆ. ಇಂಥ ನಂಬರ್ ಜೆಟ್ ಹಾಕಿ ಅಂತ ಕಣ್ಣುಮುಚ್ಚಿ ಹೇಳೋರನ್ನ ನಂಬಬೇಡಿ ಅನ್ನೋದು ಇದಕ್ಕೇ.

ಕಂಪನಿ ಟ್ಯೂನಿಂಗೇ ದೇವರು ಅಂತ ನಾನೇನೂ ಹೇಳ್ತಿಲ್ಲ. ಹೊಗೆ ನಿಯಮಕ್ಕೆ ತಲೆಬಾಗಿ ಅವರೂ ಕೆಳಗಿನ ಥ್ರಾಟಲಿನಲ್ಲಿ ಲೀನ್ ಕಡೆಗೇ ಇಟ್ಟಿರ್ತಾರೆ. ಹಾಗಾಗಿ ಸಣ್ಣ ಬದಲಾವಣೆಯೂ ಕೆಲವೊಮ್ಮೆ ಅಂಚು ದಾಟಿಸುತ್ತೆ. ಇನ್ನು ಕೆಲವೊಮ್ಮೆ ಹಿಂದಿನ ತುಂಡು ಮಾತ್ರ ಬದಲಿಸಿ ಫಿಲ್ಟರ್ ಮುಟ್ಟದೇ ಇದ್ರೆ ಜೆಟ್ ಬದಲಿಸೋ ಅಗತ್ಯವೇ ಬರಲ್ಲ, ಸೂಜಿಯ ಕ್ಲಿಪ್ಪನ್ನ ಒಂದು ಗೀರು ಕೆಳಗಿಳಿಸಿ ಸೂಜಿ ಎತ್ತಿದ್ರೆ ಸಾಕಾಗುತ್ತೆ. ಅಳೆದು ನೋಡಿದವರಿಗೆ ಮಾತ್ರ ಇದು ಗೊತ್ತಾಗೋದು. ಎಲ್ಲಾ ಸರಿ ಮಾಡಿದ ಮೇಲೂ ಸಿಗೋ ಶಕ್ತಿ ಸದ್ದಿನಷ್ಟು ದೊಡ್ಡದಿರಲ್ಲ ಅನ್ನೋದನ್ನೂ ಒಪ್ಕೋಬೇಕು. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿದೆ, ಶಬ್ದ ಮತ್ತು ಹೊಗೆಗೆ 190(2) ಇದೆ, ಪಕ್ಕದ ಮನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿರೋ ನರ್ಸಮ್ಮ ಇದ್ದಾರೆ. ಸರಿಯಾದ ಜೆಟ್ ಹಾಕಿದ ಮಾತ್ರಕ್ಕೆ ಇವರ್ಯಾರಿಗೂ ಉತ್ತರ ಕೊಟ್ಟ ಹಾಗಾಗಲ್ಲ.

ನಂಗೆ ನಿಜವಾಗಿ ಸಂಕಟ ಆಗೋದು ಬೇರೆ ವಿಷಯಕ್ಕೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು, ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲಾ ಕಡೆ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಕಾರ್ಬುರೇಟರ್ ಬೈಕು ಇನ್ನು ಹೊಸದಾಗಿ ಹುಟ್ಟೋದು ಅಪರೂಪ, ಇರೋದು ಸವೀತಾ ಹೋಗುತ್ತೆ. ಅದರ ಜೊತೆಗೇ ಪ್ಲಗ್ ನೋಡಿ, ಏರಿನಲ್ಲಿ ಒಂದು ರೌಂಡ್ ಹೊಡೆದು, ಸ್ಕ್ರೂ ಕಾಲು ಸುತ್ತು ತಿರುಗಿಸಿ ‘ಈಗ ನೋಡಿ’ ಅನ್ನೋ ಮೆಕ್ಯಾನಿಕ್ಕುಗಳೂ ಕಮ್ಮಿಯಾಗ್ತಿದ್ದಾರೆ. ಹೋಬಳಿ ಊರುಗಳ ರಸ್ತೆ ಬದಿ ಶೆಡ್ಡುಗಳಲ್ಲಿ ಅಂಥವರು ಈಗಲೂ ಸಿಗ್ತಾರೆ. ಅವರ ಅರ್ಧ ದಿನದ ಕೆಲಸಕ್ಕೆ ಮುನ್ನೂರು ರೂಪಾಯಿ ಕೊಡೋಕೆ ಚೌಕಾಸಿ ಮಾಡೋ ನಾವು, ಹತ್ತು ಸಾವಿರದ ಸೈಲೆನ್ಸರಿಗೆ ಮರುಮಾತಿಲ್ಲದೆ ಕಾರ್ಡ್ ಉಜ್ತೀವಿ. ಕಣ್ಣಿಗೆ ಕಾಣೋದಕ್ಕೆ, ಕಿವಿಗೆ ಕೇಳೋದಕ್ಕೆ ಬೆಲೆ. ಹೊಂದಿಸೋ ಕೈಗೆ ಇಲ್ಲ. ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಬುಲೆಟ್ ತಗೊಂಡ ಹುಡುಗ ಹುಡುಗಿಯರು ಪಾಠ ಕಲಿಯೋದು ಈ ವಿಡಿಯೋಗಳಿಂದ. ಅವರಿಗೆ ಅರ್ಧ ಕಥೆಯನ್ನೇ ಪೂರ್ತಿ ಕಥೆ ಅಂತ ಮಾರ್ತಾ ಇದ್ದೀವಿ.

ಇನ್ನು ಮುಂದೆ ಯಾರಾದ್ರೂ ಬೈಕಿನ ಹೊಸ ಸದ್ದು ಕೇಳಿಸಿ ಹೇಗಿದೆ ಅಂತ ಕೇಳಿದ್ರೆ, ಪ್ಲಗ್ ತೋರಿಸು ಅನ್ನಿ.