ಇಕ್ಕಟ್ಟಿನ ಕೋಣೆಯ ಶಿಲ್ಪ

ವಿಶಾಲವಾದ ಹಜಾರದಲ್ಲಿ ಪೀಠೋಪಕರಣಗಳನ್ನು ಹರಡಿ ಸೊಗಸೆನಿಸಿಕೊಳ್ಳುವುದಕ್ಕೆ ಧನವೊಂದಿದ್ದರೆ ಸಾಕಾದೀತು. ಆದರೆ ಬೆಂಗಳೂರಿನ ಹಳೆಯ ವಠಾರಗಳಲ್ಲಿ, ರೈಲುಬೋಗಿಯಂತೆ ಉದ್ದಕ್ಕೆ ಚಾಚಿ ಅಗಲದಲ್ಲಿ ಕೃಪಣವಾದ, ಎದುರುಬದುರು ಬಾಗಿಲುಗಳು ಇದ್ದ ಸ್ಥಳವನ್ನೂ ಓಡಾಟಕ್ಕೆಂದೇ ಕಬಳಿಸುವ ಕೋಣೆಯೊಳಗೆ, ಮಂಚ, ಮೇಜು, ಪೆಟ್ಟಿಗೆಗಳನ್ನು ಒಂದಕ್ಕೊಂದು ಮುನಿಯದಂತೆ ನಿಲ್ಲಿಸಬಲ್ಲ ಗೃಹಿಣಿಯ ಕೌಶಲವನ್ನು ನಾನು ಶಿಲ್ಪವೆಂದೇ ಗಣಿಸುವೆನು.

ಚಂಡೀಗಢದ ನಿರ್ಮಾಣದಲ್ಲಿ ತೊಡಗಿದ್ದ ಕಾಲದಲ್ಲಿಯೇ, 1952ರಲ್ಲಿ, ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಫ್ರಾನ್ಸಿನ ಕಡಲತಡಿಯಲ್ಲಿ ತನಗಾಗಿ ಕಟ್ಟಿಸಿಕೊಂಡ ಮರದ ಕುಟೀರದ ಒಳಗಣ ಕೋಣೆ ಚೌಕಾಕಾರದ್ದು, ಪಾರ್ಶ್ವವೊಂದಕ್ಕೆ 3.66 ಮೀಟರು, ಎತ್ತರ 2.26 ಮೀಟರು. ಅಲ್ಲಿ ಮೇಜನ್ನು ಓರೆಯಾಗಿ ಕೊಯ್ದು ಗೋಡೆಗೆ ಕೂಡಿಸಿದ್ದಾರೆ. ಕುಳಿತುಕೊಳ್ಳಲು ಪೆಟ್ಟಿಗೆಗಳೇ ಪೀಠ. ಲೋಕವೆಲ್ಲ ಕೊಂಡಾಡಿದ ಆ ಯುಕ್ತಿಯನ್ನು ನಮ್ಮ ವಠಾರಗಳು ಯಾರ ಹೊಗಳಿಕೆಯನ್ನೂ ಬಯಸದೆ ನಿತ್ಯವೂ ನಡೆಸಿಕೊಂಡು ಬಂದಿವೆ.

ಸಾಮಾನುಗಳನ್ನು ಎರಡು ಗೋಡೆಗಳಿಗೂ ಹಂಚದೆ ಒಂದಕ್ಕೇ ಒರಗಿಸಿದರೆ, ಬಾಗಿಲಿನಿಂದ ಬಾಗಿಲಿಗೆ ಎರಡಡಿಯ ದಾರಿ ನಿರಾತಂಕವಾಗಿ ತೆರೆಯುವುದು. ಕಪಾಟಿನ ಬಾಗಿಲಿಗೂ ತೆರೆಯಲು ಸ್ಥಳ ಬೇಕೆಂಬುದನ್ನು ಮರೆತು ಕಪಾಟು ಕೊಂಡವರ ಪಾಡನ್ನು ಇಲ್ಲಿ ವರ್ಣಿಸಲೊಲ್ಲೆ. ಆದರೆ ಮಂಚದ ವಿಷಯವನ್ನು ಹೇಳದಿರಲಾರೆ: ನಾಲ್ಕು ಕಾಲುಗಳ ಕೆಳಗೂ ಎರಡೆರಡು ಇಟ್ಟಿಗೆಯಿಟ್ಟು ಎತ್ತರಿಸಿ, ತಗಡಿನ ಟ್ರಂಕುಗಳನ್ನು ಹಿಡಿ ಹೊರಮುಖವಾಗಿರುವಂತೆ ಒಳದೂಡಿ, ನಿತ್ಯದ ಬಟ್ಟೆಯದು ಮುಂದೆ, ಮದುವೆಮುಂಜಿಯ ಸೀರೆಗಳದು ಹಿಂದೆ, ಅದಕ್ಕೂ ಹಿಂದೆ ಗೋಡೆಯ ಸಂದಿಯಲ್ಲಿ ಸುರುಳಿಸುತ್ತಿದ ಚಾಪೆಗಳು ಎಂದು ಕ್ರಮಪಡಿಸಿ, ಮೇಲಿನಿಂದ ಜಮಖಾನದ ಅಂಚನ್ನು ನೆಲದವರೆಗೆ ಇಳಿಬಿಟ್ಟರೆ, ಬಂದ ಅತಿಥಿಗೆ ಕಾಣುವುದು ಕುಳಿತುಕೊಳ್ಳಲು ಪ್ರಶಸ್ತವಾದ ಒಂದು ದಿವಾನ ಮಾತ್ರ.